ಮೊಳೆಗೆ ನೇತುಹಾಕಿದ ನಲವತ್ತು ಸೆಕೆಂಡು

ರೇಡಿಯೋ ಪಾಸ್ಟರ್ ಅಂದರೆ ಮುಖ ಗೊತ್ತಿಲ್ಲದವರಿಗೂ ದನಿ ಗೊತ್ತು. ಬಸ್ಸಿನಲ್ಲಿ ಅವರು "ಸ್ವಲ್ಪ ಸರಿದು ಕೂತ್ಕೋತೀರಾ" ಅಂದರೆ ಸಾಕು, ಮುಂದಿನ ಸೀಟಿನವರು ತಿರುಗಿ ನೋಡಿ, "ಭಾನುವಾರ ಬೆಳಿಗ್ಗೆ ಬರೋರು ನೀವೇ ಅಲ್ವಾ?" ಅನ್ನುತ್ತಿದ್ದರು. ಪಾಸ್ಟರಿಗೆ ಅದು ಇಷ್ಟ. ಇಷ್ಟವಿಲ್ಲ ಅಂತ ಮುಖ ಮಾಡುತ್ತಿದ್ದರು, ಅಷ್ಟೇ. ಇಪ್ಪತ್ತೇಳು ವರ್ಷದಿಂದ ಪ್ರತಿ ಭಾನುವಾರ ಆರೂಕಾಲಿಗೆ ಹದಿನೈದು ನಿಮಿಷ ಸುವಾರ್ತೆ ಹೇಳಿದ ದನಿ ಅದು. ಈಗ ಒಂಬತ್ತು ದಿನದಿಂದ ಆ ದನಿ ಸ್ವಂತ ಮನೆಯಲ್ಲೇ ಬೇಡವಾಗಿತ್ತು.

ಹೆಂಡತಿ ತೀರಿಕೊಂಡು ಒಂಬತ್ತು ದಿನ. ಮನೆಯಲ್ಲಿ ಉಳಿದಿದ್ದು ಪಾಸ್ಟರು, ಮಗಳು, ಮತ್ತೆ ಅಡುಗೆಮನೆ ಗೋಡೆಯ ಮೇಲಿನ ಕ್ಯಾಲೆಂಡರು. ಎಲ್ಲ ಎಡವಟ್ಟೂ ಆ ಕ್ಯಾಲೆಂಡರಿನಿಂದಲೇ ಶುರುವಾಯಿತು.

ಕೇಳುವವರಿಗೆ ಪಾಸ್ಟರು ಆಗತಾನೆ ಎದ್ದು ಮುಖ ತೊಳೆದುಕೊಂಡು ಮಾತಾಡಲು ಕೂತರೇನೋ ಅನ್ನಿಸಬೇಕು. ಆದರೆ ರೆಕಾರ್ಡಿಂಗ್ ಆಗುತ್ತಿದ್ದದ್ದು ಆರು ವಾರ ಮೊದಲು, ಒಂದೇ ದಿನ ಆರು ಭಾನುವಾರಗಳದ್ದು. ಯಾವ ವಾರ ಯಾವುದು ಬರುತ್ತದೆ ಅಂತ ಹೆಂಡತಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಳು. ಬರುವ ಭಾನುವಾರದ ಚೌಕದಲ್ಲಿ ಅವಳದೇ ಕೈಬರಹದಲ್ಲಿ 'ನನ್ನ ಸಾಕ್ಷಿ' ಅಂತಿತ್ತು. ದೇವರು ತನಗೆ ಮಾಡಿದ ಉಪಕಾರವನ್ನು ನಾಲ್ಕು ಜನರ ಮುಂದೆ ಹೇಳುವುದಕ್ಕೆ ಚರ್ಚಿನವರು ಸಾಕ್ಷಿ ಅಂತಾರೆ.

ಮಂಗಳವಾರ ಬೆಳಿಗ್ಗೆ ಮಗಳು ಕೆಲಸಕ್ಕೆ ಹೊರಡುವಾಗ ಕ್ಯಾಲೆಂಡರಿನ ಮುಂದೆ ನಿಂತಳು. ಅವಳು ಶಾಲೆಯಲ್ಲಿ ಲೆಕ್ಕದ ಟೀಚರು, ಮಾತು ಯಾವಾಗಲೂ ಕಡಿಮೆ.

"ಭಾನುವಾರ ಅಮ್ಮ ಗುಣವಾದಳು ಅಂತ ಲೋಕಕ್ಕೆಲ್ಲ ಸಾರ್ತೀರಾ ಅಪ್ಪ?"

ಪಾಸ್ಟರ್ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ರೆಕಾರ್ಡಿಂಗ್ ದಿನ ಅವಳು ಚೆನ್ನಾಗಿದ್ದಳಲ್ಲಮ್ಮ..."

"ಚೆನ್ನಾಗಿದ್ದಳು. ಗುಣ ಆಗಿರಲಿಲ್ಲ. ಅದನ್ನ ಅವಳೇ ಹೇಳಿದಳು. ನೀವು ಕತ್ತರಿಸಿ ಹಾಕಿಸಿದ್ರಿ. ಮನೆಗೆ ಬಂದು ನಗ್ತಾ ಹೇಳಿದಳು ನನಗೆ, 'ನಿಮ್ಮಪ್ಪ ನನ್ನ ಬಾಯಿಗೆ ಬೀಗ ಹಾಕಿದ್ರು ಕಣೇ' ಅಂತ. ಭಾನುವಾರ ನೀವೊಬ್ಬರೇ ಕೂತು ಕೇಳ್ಕೊಳ್ಳಿ. ನಾನು ಶನಿವಾರವೇ ಚಿಕ್ಕಮ್ಮನ ಮನೆಗೆ ಹೋಗ್ತೀನಿ. ಯಾವಾಗ ಬರ್ತೀನಿ ಅಂತ ಕೇಳಬೇಡಿ."

ಬಾಗಿಲು ಹಾಕಿಕೊಂಡು ಹೋದಳು. ದಡಾರನೆ ಹಾಕಿದ್ದರೆ ಪಾಸ್ಟರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮೆಲ್ಲಗೆ ಹಾಕಿದಳು, ಮನೆಯಲ್ಲಿ ಯಾರೋ ಕಾಯಿಲೆಯವರು ಮಲಗಿದ್ದಾರೆ ಅನ್ನುವಂತೆ.

ಮಗಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೆಂಡತಿಗೆ ಕಾಯಿಲೆ ಅಂತ ಪಾಸ್ಟರು ರೇಡಿಯೋದಲ್ಲಿ ಹೇಳಿದ ಮೇಲೆ ಕಾಗದಗಳು ಮೂಟೆಗಟ್ಟಲೆ ಬಂದಿದ್ದವು. ಮಕ್ಕಳು ಬರೆದರು, ಜೈಲಿನಲ್ಲಿದ್ದವರು ಬರೆದರು, ಓದುಬರಹ ಬಾರದವರು ಬೇರೆಯವರ ಕೈಲಿ ಬರೆಸಿದರು. ಎಲ್ಲರದೂ ಒಂದೇ ಮಾತು: ಪ್ರಾರ್ಥನೆ ಮಾಡ್ತಿದ್ದೀವಿ. ಎರಡನೇ ಸಲದ ಚಿಕಿತ್ಸೆ ಮುಗಿದ ಮೇಲೆ ಅವಳು ಎದ್ದು ಓಡಾಡಿದಳು. ಇಪ್ಪತ್ತು ದಿನ. ಪಾಸ್ಟರಿಗೆ ಅಷ್ಟೇ ಸಾಕಾಯಿತು. ಕೈಹಿಡಿದು ಮೈಕಿನ ಮುಂದೆ ತಂದು ಕೂರಿಸಿದರು. ತಾನೊಂದು ಬಗೆದರೆ ದೈವವೊಂದು ಬಗೆಯುತ್ತೆ ಅಂತ ಊರಿಗೆಲ್ಲ ಹೇಳುವವರಿಗೆ ಅವತ್ತು ಅದು ನೆನಪಾಗಲಿಲ್ಲ.

ಆ ಮೂಟೆಯಲ್ಲಿದ್ದ ಒಂದು ಕಾಗದ ಅವರ ಅಂಗಿಯ ಜೇಬಿನಲ್ಲೇ ಉಳಿದುಬಿಟ್ಟಿತ್ತು. ಬರೆದಾಕೆ ಬಟ್ಟೆ ಹೊಲಿಯುವವಳು. 'ನನಗೂ ಅದೇ ಕಾಯಿಲೆ. ನಿಮ್ಮ ಮನೆಯವರು ಎದ್ದು ಕೂತರೆ ನಾನೂ ಏಳ್ತೀನಿ ಅಂತ ಗಟ್ಟಿಯಾಗಿ ನಂಬಿದ್ದೀನಿ' ಅಂತ ಬರೆದಿದ್ದಳು.

ಮಧ್ಯಾಹ್ನ ಪಾಸ್ಟರು ಸ್ಟುಡಿಯೋಗೆ ಹೋದರು. ಸ್ಟುಡಿಯೋ ಅಂತ ಹೆಸರಿಗೆ, ಅದೊಂದು ಪ್ರೆಸ್ಸಿನ ಹಿಂದಿನ ಕೋಣೆ. ಹೊರಗಿನ ಸದ್ದು ಬರದಿರಲಿ ಅಂತ ಗೋಡೆ ತುಂಬ ಹಳೇ ಕಂಬಳಿ ಹೊಡೆದಿದ್ದರು. ಅಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುವವನನ್ನು ಎಲ್ಲರೂ ಕತ್ತರಿ ಅಂತಲೇ ಕರೆಯುತ್ತಿದ್ದರು. ಟೇಪಿನಲ್ಲಿ ಬೇಡದ ಕೆಮ್ಮು, ತೊದಲು, ಹೊರಗಿನ ಹಾರನ್ನು, ಎಲ್ಲ ಬ್ಲೇಡಿನಲ್ಲಿ ಕೊಯ್ದು, ತುದಿಗೆ ತುದಿ ಅಂಟಿಸುವುದು ಅವನ ಕೆಲಸ. ಚರ್ಚಿನ ಮೆಟ್ಟಿಲು ಹತ್ತಿದವನಲ್ಲ. "ಇಪ್ಪತ್ತೇಳು ವರ್ಷದಿಂದ ನಿಮ್ಮ ಪ್ರಸಂಗವನ್ನ ಮುಂದಕ್ಕೂ ಕೇಳಿದೀನಿ, ಹಿಂದಕ್ಕೂ ಕೇಳಿದೀನಿ. ಸ್ವರ್ಗದಲ್ಲಿ ನನಗೊಂದು ಸೀಟು ಗ್ಯಾರಂಟಿ" ಅಂತ ಪಾಸ್ಟರನ್ನು ರೇಗಿಸುತ್ತಿದ್ದ.

ಅವತ್ತು ರೇಗಿಸಲಿಲ್ಲ. ಸ್ಟೂಲು ಮುಂದಕ್ಕೆ ತಳ್ಳಿದ.

"ಈ ಭಾನುವಾರದ್ದು ಕಳಿಸಬೇಡ ಕಣಯ್ಯ. ಯಾವುದಾದರೂ ಹಳೇದು ಕಳಿಸು."

"ನಾನೂ ಅದನ್ನೇ ಕೇಳೋಣ ಅಂತಿದ್ದೆ. ಗುರುವಾರ ರೇಡಿಯೋ ಸ್ಟೇಷನ್ನಿಗೆ ಕಳಿಸಬೇಕು. 'ತಪ್ಪಿಹೋದ ಕುರಿ' ಕಳಿಸಲಾ? ಹೋದ ವರ್ಷದ್ದು, ಯಾರಿಗೆ ನೆನಪಿರುತ್ತೆ?"

"ಕಳಿಸು."

ಮುಗಿಯಿತು. ಎಷ್ಟು ಸುಲಭ! ಪಾಸ್ಟರು ಎದ್ದೂ ಬಿಟ್ಟರು. ಆಗ ಕತ್ತರಿ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಸಾಲಾಗಿ ಮೊಳೆಗಳು, ಒಂದೊಂದು ಮೊಳೆಗೂ ಟೇಪಿನ ತುಂಡುಗಳು, ತುಂಡಿಗೊಂದು ಚೀಟಿ. ಕಾರ್ಯಕ್ರಮ ರೇಡಿಯೋದಲ್ಲಿ ಬರುವವರೆಗೆ ಕೊಯ್ದ ಚೂರನ್ನು ಅವನು ಎಸೆಯುತ್ತಿರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ; ಕತ್ತರಿಯ ಕೋಣೆಯಲ್ಲಿ ಆಡಿದ ಮಾತು ಮೊಳೆಗೆ ನೇತುಬಿದ್ದಿರುತ್ತಿತ್ತು.

"ಹಾಗಾದ್ರೆ ಇದನ್ನೇನು ಮಾಡ್ಲಿ ಪಾಸ್ಟರ್? ಅಮ್ಮಾವ್ರದು. ನಲವತ್ತು ಸೆಕೆಂಡಿದೆ. ಎಸೆಯೋಕೆ ಕೈ ಬರ್ತಿಲ್ಲ."

ಪಾಸ್ಟರು ಮತ್ತೆ ಸ್ಟೂಲಿನ ಮೇಲೆ ಕೂತರು. "ಹಾಕು" ಅಂದರು.

ಮೊದಲು ಲೋಟ ಕೆಳಗಿಟ್ಟ ಸದ್ದು. ಆಮೇಲೆ ಅವಳು.

"...ಇವತ್ತು ಚೆನ್ನಾಗಿದೀನಿ. ಬೆಳಿಗ್ಗೆ ನಾನೇ ಎದ್ದು ನೀರು ಕಾಯಿಸಿದೆ. ಆದ್ರೆ ಗುಣ ಆಯ್ತು ಅಂತ ನಾನು ಹೇಳಲ್ಲ. ಡಾಕ್ಟರೂ ಹೇಳಿಲ್ಲ, ದೇವರೂ ಹೇಳಿಲ್ಲ. ನೀವೆಲ್ಲ ನನಗೋಸ್ಕರ ಪ್ರಾರ್ಥನೆ ಮಾಡಿದ್ರಿ. ನಾಳೆ ನಾನು ಹೋಗಿಬಿಟ್ಟೆ ಅನ್ನಿ, ಅಯ್ಯೋ ನಮ್ಮ ಪ್ರಾರ್ಥನೆ ಸಾಲದೇ ಹೋಯ್ತು ಅಂತ ಕೊರಗಬೇಡಿ. ನೋವು ತಡೀಲಾರದೆ ಬಿದ್ದಿರ್ತಿದ್ನಲ್ಲ, ಆಗ ಯಾರೋ, ಗುರುತಿಲ್ಲ ಪರಿಚಯವಿಲ್ಲ, ನನ್ನ ನೆನೆಸ್ಕೊಂಡು ಕೂತಿದಾರೆ ಅನ್ನೋದು ಗೊತ್ತಿತ್ತು. ನನಗೆ ಸಿಕ್ಕ ಉಪಕಾರ ಅದು. ಭಯ ಹೋಗಿಲ್ಲ. ಆದ್ರೆ ಒಬ್ಬಳೇ ಅಂತ ಒಂದು ದಿನವೂ ಅನ್ನಿಸಿಲ್ಲ..."

"ನಿಲ್ಲಿಸು, ನಿಲ್ಲಿಸು!" ಅದು ಪಾಸ್ಟರ ದನಿ, ಟೇಪಿನೊಳಗಿಂದ. "ಇದೆಲ್ಲ ಬೇಡ. ಇದನ್ನ ಕೇಳಿ ಜನರ ನಂಬಿಕೆ ಏನಾಗಬೇಕು?"

ಅವಳು ನಕ್ಕಳು. "ಸರಿ ಬಿಡಿ. ನೀವೇ ಹೇಳಿ."

ಟೇಪು ಮುಗಿದು ಚಕ್ರ ಪಟಪಟ ಬಡಿದುಕೊಂಡಿತು. ಕತ್ತರಿ ಅದನ್ನು ನಿಲ್ಲಿಸಿ, ಮಾಡಲು ಬೇರೆ ಕೆಲಸವಿದ್ದವನಂತೆ ಬ್ಲೇಡು ಒರೆಸುತ್ತ ನಿಂತ. ಪಾಸ್ಟರು ಗೊಳೋ ಅಂತ ಅತ್ತರು. ಹೆಣದ ಪೆಟ್ಟಿಗೆಯ ಮುಂದೆ ನಿಂತು ಗಟ್ಟಿ ದನಿಯಲ್ಲಿ ಬೈಬಲಿನ ಕೀರ್ತನೆ ಓದಿದ್ದವರು, ಸಭೆಯವರಿಂದ "ಎಂಥ ವಿಶ್ವಾಸ!" ಅಂತ ಹೊಗಳಿಸಿಕೊಂಡಿದ್ದವರು, ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಮೂಗು ಸುರಿಸಿಕೊಂಡು ಅತ್ತರು. ಕಣ್ಣೊರೆಸಲು ಜೇಬಿಗೆ ಕೈ ಹಾಕಿದರೆ ಕರ್ಚೀಫಿನ ಜೊತೆ ಹೊಲಿಗೆಯವಳ ಕಾಗದವೂ ಬಂತು. ಹಳೇ ಕುರಿಯನ್ನು ಕಳಿಸಿದರೆ ಆಕೆಗೆ ಯಾವುದೂ ತಿಳಿಯುವುದಿಲ್ಲ. ಹೊಸದನ್ನು ಹಾಗೇ ಕಳಿಸಿದರೆ ಸುಳ್ಳು ತಿಳಿಯುತ್ತದೆ. ಅವಳಿಗೆ ಬೇಕಾದ ಮಾತು ಮೊಳೆಗೆ ನೇತುಬಿದ್ದಿದ್ದ ಈ ತುಂಡಿನಲ್ಲಿದೆ.

"ಇದನ್ನ ಒಳಗೆ ಸೇರಿಸು" ಅಂದರು.

"ಸೇರಿಸ್ತೀನಿ. ಆದ್ರೆ ಬೇರೆ ಏನಾದ್ರೂ ಹೋಗಬೇಕು. ಒಂದು ಸೆಕೆಂಡು ಜಾಸ್ತಿಯಾದ್ರೂ ಸ್ಟೇಷನ್ನಿನವರು ಮುಲಾಜಿಲ್ಲದೆ ನಿಲ್ಲಿಸ್ತಾರೆ."

"ನನ್ನದನ್ನ ತೆಗಿ. 'ಕೇಳಿದಿರಾ ಪ್ರಿಯರೇ, ಗುಣವಾಗಿದ್ದಾಳೆ' ಅಂತ ಕೂಗಿದೀನಲ್ಲ, ಅಲ್ಲಿಂದ ಕೊನೆಯವರೆಗೂ ತೆಗಿ. ಮೈಕು ಹಾಕು, ಎರಡು ಮಾತು ಹೇಳೋದಿದೆ."

ಎರಡು ಮಾತು ಹೇಳಲು ಅವರಿಗೆ ಒಂದು ಗಂಟೆ ಹಿಡಿಯಿತು. ಇಪ್ಪತ್ತೇಳು ವರ್ಷ ನೀರು ಕುಡಿದಂತೆ ಮಾತಾಡಿದವರಿಗೆ ನಾಲಿಗೆ ಏಳಲೊಲ್ಲದು. ಕೊನೆಗೂ ಆಯಿತು. ಕತ್ತರಿ ಎಲ್ಲ ಜೋಡಿಸಿ, ಬ್ಲೇಡು ಹಿಡಿದು ಕೇಳಿದ:

"ಅಮ್ಮಾವ್ರ ಮಾತು ಮುಗಿದಮೇಲೆ ನೀವು 'ನಿಲ್ಲಿಸು ನಿಲ್ಲಿಸು' ಅಂತ ಗದರ್ತೀರಲ್ಲ, ಅದನ್ನ ತೆಗೆದುಬಿಡ್ತೀನಿ. ಚೆನ್ನಾಗಿ ಕೇಳಿಸಲ್ಲ."

ಪಾಸ್ಟರು ಕಂಬಳಿ ಹೊಡೆದ ಗೋಡೆ ನೋಡುತ್ತ ಕೂತರು. ಅದು ಹೋದರೆ ಅವರ ಮಾನ ಅರ್ಧ ಉಳಿಯುತ್ತದೆ. ದನಿ ಕೇಳಿ ಬಸ್ಸಿನಲ್ಲಿ ತಿರುಗಿ ನೋಡುವವರು ತಿರುಗಿ ನೋಡುತ್ತಲೇ ಇರುತ್ತಾರೆ.

"ಇರಲಿ" ಅಂದರು.

"ಅವರು 'ನೀವೇ ಹೇಳಿ' ಅಂದಮೇಲೆ ಹನ್ನೊಂದು ಸೆಕೆಂಡು ಖಾಲಿ ಉಳಿಯುತ್ತೆ. ಅಲ್ಲಿ ಏನಾದ್ರೂ ಹೇಳಿ. ರೇಡಿಯೋ ಸುಮ್ಮನಿದ್ರೆ ಜನ ಕೆಟ್ಟುಹೋಯ್ತು ಅಂತ ಅದರ ತಲೆಗೆ ಬಡೀತಾರೆ."

"ಹೇಳೋಕೆ ನನ್ನ ಹತ್ರ ಏನಿದೆಯಪ್ಪ? ಖಾಲಿ ಬಿಡು."

ಶನಿವಾರ ಮಗಳು ಶಾಲೆಯಲ್ಲಿ ಪರೀಕ್ಷೆಯ ಕೆಲಸ ಮುಗಿಸುವಷ್ಟರಲ್ಲಿ ಕೊನೇ ಬಸ್ಸು ಹೋಗಿತ್ತು. ಹಾಗಾಗಿ ಭಾನುವಾರ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿಕೊಂಡು ಅವಳು ಅಡುಗೆಮನೆ ದಾಟುವಾಗ ಆರೂವರೆಯಾಗುತ್ತ ಬಂದಿತ್ತು. ಪಾಸ್ಟರು ರೇಡಿಯೋ ಮುಂದೆ ಕೂತಿದ್ದರು. ಅವಳನ್ನು ಕರೆಯಲಿಲ್ಲ. ಕರೆಯುವ ಮುಖ ಅವರಿಗಿರಲಿಲ್ಲ. ಅವಳು ಚಪ್ಪಲಿ ಹಾಕಿಕೊಂಡಳು.

"ಪ್ರಿಯರೇ," ಅಂದಿತು ರೇಡಿಯೋ. ದನಿ ಒಡೆದಿತ್ತು. "ನನ್ನ ಹೆಂಡತಿ ತೀರಿಕೊಂಡಳು. ಹೋಗೋದಕ್ಕೆ ಮುಂಚೆ ನಿಮಗೊಂದು ಮಾತು ಹೇಳಿದ್ದಳು. ಅದು ನಿಮಗೆ ಕೇಳಿಸಬಾರದು ಅಂತ ನಾನು ಕತ್ತರಿಸಿದ್ದೆ. ಅದೇ ಕಾಯಿಲೆಯಲ್ಲಿ ಬಟ್ಟೆ ಹೊಲೀತಾ ನನಗೆ ಕಾಗದ ಬರೆದ ತಂಗೀ, ನೀನೂ ಕೇಳು."

ಚಪ್ಪಲಿ ಹಾಕಿಕೊಂಡ ಕಾಲು ಅಲ್ಲೇ ನಿಂತಿತು. ಲೋಟ ಕೆಳಗಿಟ್ಟ ಸದ್ದು. ಇವತ್ತು ಚೆನ್ನಾಗಿದೀನಿ. ನಾನೇ ಎದ್ದು ನೀರು ಕಾಯಿಸಿದೆ. ಅಮ್ಮ ನೀರು ಕಾಯಿಸಿದ್ದ ಒಲೆಯ ಪಕ್ಕದಲ್ಲೇ ಮಗಳು ಗೋಡೆ ಹಿಡಿದು ನಿಂತು ಕೇಳಿದಳು. ಆಮೇಲೆ ನಿಲ್ಲಿಸು, ನಿಲ್ಲಿಸು ಅನ್ನುವುದೂ ಬಂತು. ಮಗಳು ಸರಕ್ಕನೆ ತಿರುಗಿ ಅಪ್ಪನನ್ನು ನೋಡಿದಳು.

"ಸರಿ ಬಿಡಿ. ನೀವೇ ಹೇಳಿ."

ರೇಡಿಯೋ ಸುಮ್ಮನಾಯಿತು. ಎಷ್ಟು ಮನೆಗಳಲ್ಲಿ ಎಷ್ಟು ಜನ ಅದರ ತಲೆಗೆ ಬಡಿದರೋ ಗೊತ್ತಿಲ್ಲ. ಈ ಮನೆಯಲ್ಲಿ ಪಾಸ್ಟರು ಬಾಯಿ ಬಿಟ್ಟರು. ರೇಡಿಯೋ ದನಿಯಲ್ಲ, ಎಲ್ಲೋ ಗಂಟಲ ತಳದಿಂದ ಬಂದ ದನಿ.

"ನಾನು ಕತ್ತರಿಸಿದ್ದು ಜನರ ನಂಬಿಕೆಗೆ ಅಂತ ಅಲ್ಲಮ್ಮ. 'ನಾಳೆ ನಾನು ಹೋಗಿಬಿಟ್ಟೆ ಅನ್ನಿ' ಅಂದಳಲ್ಲ... ಅದನ್ನ ಕೇಳೋಕೆ ನನ್ನ ಕೈಲಿ ಆಗಲಿಲ್ಲ. ನನಗೆ ಭಯ ಆಯ್ತು."

ರೇಡಿಯೋದಲ್ಲಿ ಕೊನೆಯ ಹಾಡು ಶುರುವಾಯಿತು. ಮಗಳು ಬ್ಯಾಗು ಕೆಳಗಿಟ್ಟು, ಚಪ್ಪಲಿ ಬಿಟ್ಟು, ಪಾತ್ರೆಗೆ ನೀರು ತುಂಬಿ ಒಲೆಯ ಮೇಲಿಟ್ಟಳು. "ನನಗೂ ಭಯ ಆಗಿತ್ತು ಅಪ್ಪ" ಅಂದಳು.