ಕಲ್ಲಯ್ಯ ವಕೀಲರ ಪ್ರತಿಸ್ಪರ್ಧಿ

ಬೆಳಗಾವಿಯ ಕಲ್ಲಯ್ಯ ವಕೀಲರಿಗೆ ಮೆಚ್ಚುವಂಥ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದ. ಅವನನ್ನು ಅವರು ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ನೋಡುತ್ತಿದ್ದರು. ಉಳಿದವರೆಲ್ಲ ಅವರ ಪಾಲಿಗೆ ಕಸ. ಅವರದು ಕೊಲೆ, ಕಳವುಗಳ ವಕೀಲಿಯಲ್ಲ. ವ್ಯಾಪಾರಿಗಳಿಗೆ ಕರಾರುಪತ್ರ ಬರೆದುಕೊಡುವ ವಕೀಲಿ. ಹದಿನಾಲ್ಕು ಪುಟದ ಇಂಗ್ಲಿಷ್ ಕಾಗದವನ್ನು ಕಕ್ಷಿದಾರನ ಮುಂದೆ ಇಡುವುದು, ಸಹಿ ಹಾಕುವ ಜಾಗಕ್ಕೆ ಬೆರಳು ಊರುವುದು, ಮುಗಿಯಿತು. ಯಾರಾದರೂ ಅರ್ಥ ಕೇಳಿದರೆ ಕಲ್ಲಯ್ಯ ನೋಡುವ ರೀತಿಗೇ ಅವನಿಗೆ ತಾನು ಕೇಳಬಾರದಾಗಿತ್ತು ಅನ್ನಿಸಬೇಕು.

ಎರಡು ಸಾವಿರದ ಇಸವಿಯಲ್ಲಿ ದೀಪಾವಳಿ ಮುಗಿದು ಹದಿನೈದು ದಿನವಾದರೂ ಖಾನಾಪುರದ ಗುರುಪುತ್ರಪ್ಪ ಆಫೀಸಿನ ಕಡೆ ಸುಳಿಯಲಿಲ್ಲ. ಗುರುಪುತ್ರಪ್ಪನದು ಹಂಚಿನ ಕಾರ್ಖಾನೆ. ಮಳೆ ನಿಂತು ಭಟ್ಟಿ ಹೊತ್ತಿಸುವ ಮೊದಲು ಗೋವಾದ ವ್ಯಾಪಾರಿಗಳ ಜೊತೆಗಿನ ಕರಾರುಗಳನ್ನೆಲ್ಲ ಇಲ್ಲೇ ಹೊಸದಾಗಿ ಮಾಡಿಸುವುದು ಅವನ ಹದಿನೈದು ವರ್ಷದ ರೂಢಿ. ಅವನ ಬೆನ್ನಿಗೆ ಖಾನಾಪುರದ ಉಳಿದ ಹಂಚಿನವರೂ ಬರುತ್ತಿದ್ದರು. ಅವನು ಹೋದರೆ ಅವರೂ ಹೋದರು. ಅವರು ಹೋದರೆ ಆಫೀಸಿಗೆ ಬೀಗವೇ ಗತಿ. ಇದು ಕಲ್ಲಯ್ಯನವರಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

“ನಮ್ಮ ಮಂದೀನ ಯಾರ್ ಎಳಕೊಂಡ ಹೊಂಟಾರ, ಪಟ್ಟಿ ಮಾಡು,” ಎಂದು ಜೂನಿಯರ್ ಪ್ರಮಿಳಾಗೆ ಹೇಳಿದರು. ಹೇಳಿದವರು ಪಟ್ಟಿಯನ್ನು ತಾವೇ ಮಾಡಿಬಿಟ್ಟರು. “ಒಂದು, ರಾಮತೀರ್ಥ ನಗರದ ಓಂಕಾರ. ಕಂಪ್ಯೂಟರ್ ತಂದಾನ, ತಲಿ ಎಲ್ಲಿಂದ ತರ್ತಾನ? ಎರಡು, ಆ ನಾಗಲಿಂಗ. ಏಸಿ ಹಾಕಿಸ್ಯಾನ. ಕಕ್ಷಿದಾರ ತಂಪಿಗೆ ತೂಕಡಿಸಿದ ಮ್ಯಾಲ ಸಹಿ ಮಾಡಿಸ್ಕೋತಾನ. ಇಬ್ಬರಾಗ ಒಬ್ಬಾಂವ ಕಳ್ಳ. ಯಾಂವಂತ ಹುಡುಕು.”

ಪ್ರಮಿಳಾ ಒಂದು ವಾರ ತಿರುಗಿ ಬಂದಳು. “ಇಬ್ಬರೂ ಅಲ್ರಿ ಸರ್. ಖಾನಾಪುರದವರು ಅವರ ಕಡೇನೂ ಹೋಗಿಲ್ಲ. ಎಲ್ಲಾರೂ ಈಗ ಬೀರೇಶನ ಕಡೆ ಹೋಗ್ತಾರ. ಅಲ್ಲೇ ಖಾನಾಪುರದ ತಹಶೀಲ್ದಾರ ಕಚೇರಿ ಮುಂದ ಟೈಪ್ ಮಶೀನ್ ಇಟಗೊಂಡ ಕುಂದರೂ ಬಾಂಡ್ ರೈಟರ್.”

ಕಲ್ಲಯ್ಯ ಕೆಮ್ಮು ಬರುವವರೆಗೆ ನಕ್ಕರು. ಛಾಪಾ ಕಾಗದದ ಮೇಲೆ ಟೈಪು ಕುಟ್ಟುವವನು! ಕುರಿ ಸಾಕುವವರ ಮನೆಯ ಹುಡುಗ, ಬಿ.ಎ. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು! “ನನ್ನ ಜೋಡಿ ಪೈಪೋಟಿಗೆ ಇಳಿಯಾಕೂ ಒಂದು ಯೋಗ್ಯತಾ ಬೇಕವ್ವಾ.”

“ಅಂವ ಓದಿ ಹೇಳ್ತಾನ್ರಿ,” ಎಂದಳು ಪ್ರಮಿಳಾ. “ಒಬ್ಬರಿಗೆ ಕನ್ನಡದಾಗ, ಇನ್ನೊಬ್ಬರಿಗೆ ಮರಾಠಿಯೊಳಗ. ಆಮ್ಯಾಲ ಅದನ್ನ ಅವರ ಬಾಯಿಂದನ ತಿರುಗಿ ಹೇಳಸ್ತಾನ. ಹೇಳಾಕ ಬರದ ಕಲಂ ಟೈಪ್ ಮಾಡಂಗಿಲ್ಲ.”

“ಸಾಲಿ ಮಾಸ್ತರ ಆಗಬೇಕಿತ್ತು ಬಿಡು,” ಎಂದರು ಕಲ್ಲಯ್ಯ. ಆದರೆ ಆ ದಿನ ಊಟ ಸೇರಲಿಲ್ಲ.

ಮರುದಿನ ಕರಿಕೋಟು ಬಿಟ್ಟು ಧೋತರ ಉಟ್ಟು ಖಾನಾಪುರದ ರೈಲು ಹತ್ತಿದರು. ಗುರುಪುತ್ರಪ್ಪನ ಹೋದ ವರ್ಷದ ಕರಾರಿನ ಒಂದು ಪ್ರತಿಯನ್ನು, ಹೆಸರು ಮತ್ತು ಮೊಹರು ಇದ್ದ ಹಾಳೆ ತೆಗೆದು, ಜೊತೆಗೆ ಇಟ್ಟುಕೊಂಡಿದ್ದರು. ಹಂಚಿನ ವ್ಯಾಪಾರಿಯಂತೆ ನಟಿಸಿ ಅದನ್ನೇ ಬರೆಸುವುದು, ಆ ದಡ್ಡ ಮಾಡುವ ತಪ್ಪುಗಳನ್ನು ಕಾಗದದ ಮೇಲೆ ಹಿಡಿಯುವುದು, ಒಯ್ದು ಗುರುಪುತ್ರಪ್ಪನ ಮುಂದೆ ಬಿಸಾಡುವುದು, ಇದು ಅವರ ಉಪಾಯ. ರೈಲು ದೇಸೂರ ಸ್ಟೇಶನ್ ದಾಟುವಷ್ಟರಲ್ಲಿ ಅವರು ಮನಸ್ಸಿನಲ್ಲೇ ಗೆದ್ದು ಮುಗಿಸಿದ್ದರು.

“ಬರ್ರಿ, ಕುಂದರ್ರಿ,” ಎಂದ ಬೀರೇಶ. ತಗಡಿನ ಚಪ್ಪರ, ಒಂದು ಬೆಂಚು, ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರು. ಇಂಥ ಕಡೆ ಕೂರಬೇಕಾಯಿತಲ್ಲ ಎಂದು ಕಲ್ಲಯ್ಯ ಮೂಗು ಮುರಿದರು.

“ದೇಸೂರಾಂವ. ಹಂಚು ಮಾರ್ತೀನಿ. ಇದನ್ನ ಇದ್ದಂಗ ಇಳಿಸಿ ಕೊಡು,” ಎಂದು ಕಾಗದ ಚಾಚಿದರು.

ಬೀರೇಶ ಬೆರಳಿಟ್ಟು ನಿಧಾನವಾಗಿ ಓದಿದ. ಹತ್ತು ಕಲಂಗಳನ್ನು ಕನ್ನಡದಲ್ಲಿ ಹೇಳಿ, ಹೌದೆನ್ನಿಸಿಕೊಂಡ. ಹನ್ನೊಂದಕ್ಕೆ ನಿಂತ.

“ಮಾಲು ಹಡಗಿನ ಅಂಚಿನ ಕಟಾಂಜನ ದಾಟಿ ಒಳಗ ಹೋಗೂತನಕ ಒಡದದ್ದೆಲ್ಲಾ ಮಾರಾಂವನ ಮ್ಯಾಲ ಅಂತ ಐತಿ. ನಿಮ್ಮ ಹಂಚು ಹ್ಯಾಂಗ ಹೋಗ್ತಾವ್ರಿ?”

“ಲಾರಿಯೊಳಗ.”

“ಮತ್ತ ಈ ಹಡಗ ಎಲ್ಲಿಗೆ ಬರ್ತದ್ರಿ? ಘಟ್ಟದ ಮ್ಯಾಲಿನ ಲೋಂಡಾಕ್ಕ?”

ಬೆಂಚಿನವರು ನಕ್ಕರು. ಬೀರೇಶ ನಗಲಿಲ್ಲ, ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಕಲ್ಲಯ್ಯ ಹಾಳೆಯನ್ನು ತಮ್ಮ ಕಡೆ ತಿರುಗಿಸಿ ನೋಡಿದರು. ಮೂವತ್ತು ವರ್ಷದ ಹಿಂದೆ ಮುಂಬಯಿಯ ಯಾವುದೋ ನಮೂನೆ ಪುಸ್ತಕದಿಂದ ಈ ಕರಾರನ್ನು ಇಡಿಯಾಗಿ ಎತ್ತಿದ್ದರು. ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಅದನ್ನು ಓದಿರಲಿಲ್ಲ.

“ಅದು ಕಾಯದೆ ಭಾಷಾ. ಹಂಗ ಇರಬೇಕು,” ಎಂದರು.

“ಇರಲ್ರಿ. ನಿಮ್ಮ ಮಾತಿನ್ಯಾಗ ಒಮ್ಮಿ ಹೇಳ್ರಿ, ಟೈಪ್ ಮಾಡ್ತೀನಿ.” ಬೀರೇಶ ಕಾದ. ಆಮೇಲೆ ತಾನೇ ಮೆಲ್ಲಗೆ ಮುಂದುವರಿಸಿದ. “ಹಡಗ ಇಲ್ಲಂದ್ರ ಮಾಲು ದಾಟೂದ ಇಲ್ಲಲ್ರಿ. ಅಂದ್ರ ಘಾಟಿನ್ಯಾಗ ಒಡದದ್ದೂ ನಿಮ್ಮ ಮ್ಯಾಲ, ಅವರ ಗೋದಾಮಿನ್ಯಾಗ ಒಡದದ್ದೂ ನಿಮ್ಮ ಮ್ಯಾಲ. ಸಿಟ್ಟಿಗೆ ಬರಬ್ಯಾಡ್ರಿ ಯಜಮಾನ್ರ, ಇದನ್ನ ಬರದ ವಕೀಲನ ಕಡೆ ಮತ್ತ ಹೋಗಬ್ಯಾಡ್ರಿ.”

“ಕಲ್ಲಯ್ಯಾರ?” ಎಂದಿತು ಹಿಂದಿನಿಂದ ಒಂದು ದನಿ. ತನ್ನ ಕರಾರಿಗೆ ಸಹಿ ಹಾಕಲು ಬಂದ ಗುರುಪುತ್ರಪ್ಪ ಚಪ್ಪರದ ಕಂಬ ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. “ಬೀರೇಶ, ಆ ಹಡಗಿಂದು ಇನ್ನೊಮ್ಮಿ ಓದು.”

ಬೀರೇಶ ಓದಿದ. ವ್ಯಾಪಾರಿ ಯಾರೆಂಬುದು ಅವನಿಗೆ ಈಗ ತಿಳಿದಿತ್ತು, ದನಿ ಇಳಿದಿತ್ತು.

“ಗೋವಾದವರು ವರ್ಷಾ ವರ್ಷಾ ಒಡದ ಹಂಚು ನನ್ನ ತಲಿ ಮ್ಯಾಲ ಹಾಕಿದ್ರು,” ಎಂದ ಗುರುಪುತ್ರಪ್ಪ. “ಕಾಗದದಾಗ ಹಂಗ ಐತಿ ಅಂತಿದ್ರು. ನಾ ಬಂದು ನಿಮ್ಮನ್ನ ಕೇಳಿದ್ದೆ. ‘ನಿನಗ ತಿಳ್ಯಂಗಿಲ್ಲ, ಸಹಿ ಹಾಕು’ ಅಂದ್ರಿ. ಈಗ ಹೇಳ್ರಿ. ತಿಳಕೋತೀನಿ.”

ಕಲ್ಲಯ್ಯ ಬಾಯಿ ತೆರೆದರು. ಇಂಗ್ಲಿಷ್ ಶಬ್ದಗಳು ಸಾಲಾಗಿ ಬಂದವು, ಅರ್ಥ ಬರಲಿಲ್ಲ. ಬೀರೇಶ ಎದ್ದು “ನೀರ ಕುಡೀರಿ ಸಾಹೇಬ್ರ,” ಎಂದು ತಂಬಿಗೆ ಮುಂದಿಟ್ಟ. ಅವನು ನಕ್ಕಿದ್ದರೆ ಸಹಿಸಬಹುದಿತ್ತು. ಕನಿಕರ ಪಟ್ಟನಲ್ಲ, ಅದಕ್ಕೆ ಕಲ್ಲಯ್ಯನವರಿಗೆ ಸಾಯುವಷ್ಟು ನಾಚಿಕೆಯಾಯಿತು.

ಗುರುಪುತ್ರಪ್ಪ ಕೂಗಾಡಲಿಲ್ಲ. ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕುಳಿತು, ಬೀರೇಶ ಕೊಟ್ಟ ತನ್ನ ಕಾಗದವನ್ನು ಕೈಗೆ ತೆಗೆದುಕೊಂಡು, ಪಾಠದಂತೆ ಒಪ್ಪಿಸಿದ. “ಲಾರಿ ಹತ್ತೂತನಕ ಒಡದದ್ದು ನಂದು. ಹತ್ತಿದ ಮ್ಯಾಲ ಒಡದದ್ದು ಅವರದು. ಇಷ್ಟ ಹೌದಲ್ಲೋ?”

“ಇಷ್ಟರೀ.”

ಇಷ್ಟನ್ನು ಬರೆಯಲು ಕಲ್ಲಯ್ಯನವರಿಗೆ ಮೂವತ್ತು ವರ್ಷ ಸಾಕಾಗಿರಲಿಲ್ಲ. ಗುರುಪುತ್ರಪ್ಪ ಸಹಿ ಹಾಕಿ, ಬೀರೇಶನಿಗೆ ಕೈಮುಗಿದು, ಅವರ ಕಡೆ ತಿರುಗಿಯೂ ನೋಡದೆ ಹೊರಟುಹೋದ.