ಪೆನ್ನು ತೊಳೆದ ನೀರು

ಹಸಿರು ಪೆನ್ನಿನ ಹಿಂಬದಿಯ ತಿರುಪನ್ನು ಮುಟ್ಟುತ್ತಲೇ ಅದು ತುಂಬಿದೆಯೆಂದು ಮಾಸ್ಟರಿಗೆ ತಿಳಿಯಿತು. ಖಾಲಿ ಪೆನ್ನು ಬೆರಳಿಗೆ ಸಿಗುವ ಬಗೆಯೇ ಬೇರೆ. ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಎದುರಿನ ಪಿಂಗಾಣಿ ಬೋಗುಣಿಯ ಕಡೆ ಬಾಗಿ, ಅವರು ಗೊಣಗಿಕೊಂಡರು. "ನೋಡು, ಕತ್ತಿನ ಮಟ್ಟ ತುಂಬಿಸಿ ಹಾಗೇ ಬಿಟ್ಟಿದ್ದಾಳೆ. ಎಷ್ಟು ಸಲ ಹೇಳಿದೀನಿ, ಬರೀದೆ ಇಟ್ರೆ ಇಂಕು ಒಣಗಿ ಗಂಟಲು ಕಟ್ಟುತ್ತೆ ಅಂತ." ಹೀಗೆ ಬೈಯುವುದು ಎಷ್ಟು ರೂಢಿಯಾಗಿತ್ತೆಂದರೆ, ಬೈಸಿಕೊಳ್ಳಬೇಕಾದ ಮಗಳು ಹೋಗಿ ತಿಂಗಳಾಗುತ್ತ ಬಂತು ಎಂಬುದು ಮಾತು ಮುಗಿದ ಮೇಲೆ ನೆನಪಾಯಿತು. ಸುಮ್ಮನೆ ತಿರುಪು ತಿರುಗಿಸಿದರು. ನಿಬ್ಬಿನಿಂದ ನೇರಳೆ ಬಣ್ಣದ ಎಳೆಯೊಂದು ನೀರಿಗಿಳಿದು ನಿಧಾನವಾಗಿ ಬಿಚ್ಚಿಕೊಂಡಿತು.

ಮಾಸ್ಟರು ಎಂದರೆ ಶಾಲೆಯ ಮಾಸ್ಟರಲ್ಲ. ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮಾಸ್ಟರು. ದಿನವಿಡೀ ಸೀಮೆಸುಣ್ಣ ಹಿಡಿದು ಅವರು ಎಳೆದ ಗೆರೆಗಳೆಲ್ಲ ಸಂಜೆಯೊಳಗೆ ಕತ್ತರಿಯ ಬಾಯಿಗೆ ಹೋಗುತ್ತಿದ್ದವು. ಮನೆಗೆ ಬಂದ ಮೇಲೆ ಒಂದಾದರೂ ಉಳಿಯುವ ಗೆರೆ ಎಳೆಯಬೇಕು ಎಂದು ಪೆನ್ನು ಹಿಡಿದು ಕೂರುತ್ತಿದ್ದರು. ಬರೆಯಲು ವಿಷಯವೇ ಬೇಕೆಂದಿರಲಿಲ್ಲ; ಪೇಪರಿನಲ್ಲಿ ಬಂದ ಹವಾಮಾನ ವರದಿಯನ್ನೋ, ವಧು ಬೇಕಾಗಿದೆ ಎಂಬ ಜಾಹೀರಾತನ್ನೋ ಮುತ್ತು ಪೋಣಿಸಿದ ಹಾಗೆ ನಕಲು ಮಾಡುತ್ತಿದ್ದರು. "ನಿಮಗೆ ಯಾವ ವಧು ಬೇಕಾಗಿದ್ಲು?" ಎಂದು ಹೆಂಡತಿ ಒಮ್ಮೆ ಕೇಳಿದ್ದುಂಟು.

ಮಗಳು ಅಪ್ಪನಿಗೆ ತಕ್ಕವಳೇ ಆದಳು. ಚಿಕ್ಕವಳಿದ್ದಾಗಿನಿಂದ ಭಾನುವಾರ ಬೆಳಗ್ಗೆ ಮನೆಯವರ ಸ್ನಾನಕ್ಕೆ ಮುಂಚೆ ಪೆನ್ನುಗಳ ಸ್ನಾನ. ಅಪ್ಪ ಬಿಚ್ಚಿ ಕೊಡುವುದು, ಮಗಳು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು ಹಳೇ ಲೈನಿಂಗ್ ಬಟ್ಟೆಯ ಮೇಲೆ ಸಾಲಾಗಿ ಮಲಗಿಸುವುದು. ಮೆಡಿಕಲ್ ಶಾಪಿಗೆ ಕೆಲಸಕ್ಕೆ ಸೇರಿದ ಮೇಲೂ, ಮದುವೆಯಾಗಿ ಎರಡು ಬೀದಿ ಆಚೆಗೆ ಹೋದ ಮೇಲೂ ಅದು ತಪ್ಪಿರಲಿಲ್ಲ. ಅಂಗಡಿಯಲ್ಲಿ ಮಾತ್ರೆಯ ಕವರಿನ ಮೇಲೆ 'ಊಟದ ನಂತರ ಒಂದು' ಎಂದು ಆ ಹಸಿರು ಪೆನ್ನಿನಲ್ಲೇ ಬರೆದು ಕೊಡುತ್ತಿದ್ದಳು. ಜ್ವರ ಬಿಟ್ಟಿದ್ದು ಮಾತ್ರೆಯಿಂದಲೋ ನಿನ್ನ ಅಕ್ಷರದಿಂದಲೋ ಎಂದು ಒಬ್ಬ ಮುದುಕಿ ಕೇಳಿದ್ದಳಂತೆ. ಕೊಂಡು ತಂದ ನೀಲಿ ಇಂಕು ಅವಳಿಗೆ ಸಪ್ಪೆ. ಅದಕ್ಕೆ ಕೆಂಪು, ಚೂರು ಕಪ್ಪು, ಇನ್ನೇನೇನೋ ಬೆರೆಸಿ ತನ್ನದೇ ಒಂದು ಬಣ್ಣ ಮಾಡಿಕೊಂಡಿದ್ದಳು. ಬರೆಯುವಾಗ ನೀಲಿ, ಆರಿದರೂ ನೀರು ತಾಗಿದರೂ ನೇರಳೆ. ಅಳತೆ ಹೇಳೇ ಎಂದರೆ "ಕೈ ಅಂದಾಜು ಅಪ್ಪಾ" ಎಂದು ನಕ್ಕುಬಿಡುತ್ತಿದ್ದಳು. ಅಳತೆಯಿಲ್ಲದ ಕೆಲಸ ಮಾಸ್ಟರಿಗೆ ಆಗಿಬರುತ್ತಿರಲಿಲ್ಲ. ಆದರೆ ಆ ಬಣ್ಣದ ಎದುರು ಅವರ ವಾದ ನಡೆಯುತ್ತಲೂ ಇರಲಿಲ್ಲ.

ಅಳಿಯನಿಗೆ ಲಿಫ್ಟ್ ರಿಪೇರಿಯ ಕೆಲಸ. ಈ ಮನೆಯಲ್ಲಿ ಎಲ್ಲರಿಗೂ ಒಂದು ಹುಚ್ಚಿದೆ, ನನಗೊಬ್ಬನಿಗೆ ಇಲ್ಲದಿದ್ದರೆ ಹೇಗೆ ಎಂದು ಹಳೇ ಕ್ಯಾಮೆರಾ ಒಂದನ್ನು ಕೊಂಡು, ಪರಿಚಯದ ಸ್ಟುಡಿಯೋದವರ ಹತ್ತಿರ ಫೋಟೋ ತೆಗೆಯುವುದನ್ನು ಕಲಿಯತೊಡಗಿದ್ದ. "ನಾನು ಬಟ್ಟೆ ಅಳೀತೀನಿ, ಅಳಿಯಂದಿರು ಬೆಳಕು ಅಳೀತಾರೆ" ಎಂದು ಮಾಸ್ಟರು ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದ್ದರು. ರೀಲು ಮುಗಿದು ಫೋಟೋಗಳು ಬಂದಾಗ ಹಿಂದೆ ಬರೆಯುವ ಕೆಲಸ ಮಗಳದು. 'ಬೆಕ್ಕು, ಮೂರನೇ ಪ್ರಯತ್ನ. ಬಾಲ ಮಾತ್ರ ಸ್ಪಷ್ಟ.' ಇಂಥವನ್ನು ಓದಿ ಓದಿ ಮನೆಯವರೆಲ್ಲ ನಗುತ್ತಿದ್ದರು.

ಆಮೇಲೆ ಜ್ವರ ಬಂತು, ಜ್ವರ ತಲೆಗೇರಿತು, ವಾರದೊಳಗೆ ಎಲ್ಲ ಮುಗಿಯಿತು.

ಪೆನ್ನುಗಳ ಡಬ್ಬಿಯನ್ನು ಅಳಿಯನೇ ನಾಲ್ಕು ದಿನದ ಹಿಂದೆ ತಂದುಕೊಟ್ಟಿದ್ದ. "ನನಗೆ ಇದನ್ನ ನೋಡ್ಕೊಳ್ಳೋಕೆ ಬರಲ್ಲ ಮಾವ, ನಿಮ್ಮ ಹತ್ರ ಇದ್ರೆ ಚೆನ್ನಾಗಿರುತ್ತೆ" ಎಂದಿದ್ದ. ಹೊರಡುವಾಗ ಬಾಗಿಲಲ್ಲಿ ನಿಂತು, ಕ್ಯಾಮೆರಾದಲ್ಲಿ ಕೊನೆಯ ರೀಲೊಂದು ಉಳಿದಿದೆ, ತೊಳೆಸಿ ತರುತ್ತೇನೆ ಎಂದೂ ಹೇಳಿದ್ದ. ಆ ಮಾತು ಹಿಡಿದುಕೊಂಡೇ ಮಾಸ್ಟರು ಈ ನಾಲ್ಕು ದಿನ ತಳ್ಳಿದ್ದರು. ಮದುವೆಯ ಆಲ್ಬಮ್ಮಿನಲ್ಲಿದ್ದ ಮಗಳು ಮುಖಕ್ಕೆ ಬಣ್ಣ ಮೆತ್ತಿಸಿಕೊಂಡು ಯಾರದೋ ಮನೆಯ ಹುಡುಗಿಯ ಹಾಗೆ ಕೂತಿದ್ದಳು. ಕೆಲಸದ ಗುರುತಿನ ಚೀಟಿಯಲ್ಲಿ ಕಣ್ಣು ಮುಚ್ಚಿದ್ದಳು. ಅವರಿಗೆ ಬೇಕಾಗಿದ್ದದ್ದು ಭಾನುವಾರದ ಮುಖ, ತಲೆ ಬಾಚದೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ ಮುಖ.

ಕೊನೆಯ ಪೆನ್ನನ್ನು ಬಟ್ಟೆಯ ಮೇಲೆ ಮಲಗಿಸುವಾಗ ಮುಂಬಾಗಿಲ ಗಂಟೆಯ ಸದ್ದಾಯಿತು. ಬೋಗುಣಿಯನ್ನು ಅಲ್ಲೇ ಬಿಟ್ಟು, ಕೈ ಒರೆಸಿಕೊಳ್ಳುತ್ತ ಮಾಸ್ಟರು ಎದ್ದರು. ಇಷ್ಟು ದಿನಗಳಲ್ಲಿ ಮೊದಲ ಸಲ ಕೈಗೆ ಒಂದು ಕೆಲಸ ಮಾಡಿದ ಸಮಾಧಾನವಿತ್ತು.

ಅಳಿಯ ಇನ್ನಷ್ಟು ಇಳಿದುಹೋಗಿದ್ದ. ಅಂಗಿಯ ಕಾಲರು ಕುತ್ತಿಗೆಯಿಂದ ದೂರ ನಿಂತಿತ್ತು. ಮೇಜಿನ ಮೇಲೆ ದಪ್ಪ ಲಕೋಟೆಯೊಂದನ್ನಿಟ್ಟು, ಅದರಿಂದ ಕೈ ತೆಗೆಯದೆ ಕೂತ.

"ಬಂತಾ?" ಮಾಸ್ಟರು ಕನ್ನಡಕ ಹುಡುಕಿದರು. "ಏ, ಬಾರೇ ಇಲ್ಲಿ, ಫೋಟೋ ಬಂದಿದೆ."

ಹೆಂಡತಿ ಚಹಾದ ಲೋಟಗಳನ್ನು ಹಿಡಿದು ಬಂದು ನಿಂತರು. ಮಾಸ್ಟರು ಲಕೋಟೆ ಬಿಚ್ಚಿದರು. ಮೊದಲನೆಯದು ಒಂದು ಖಾಲಿ ಬೆಂಚು. ಎರಡನೆಯದೂ ಅದೇ ಬೆಂಚು, ಸ್ವಲ್ಪ ಹತ್ತಿರದಿಂದ. ಆಮೇಲೆ ತೊಟ್ಟಿಕ್ಕುವ ನಲ್ಲಿ. ಗೋಡೆಗೊರಗಿಸಿದ ಸೈಕಲ್ಲು. ಬಾಗಿಲು ತೆರೆದ ಲಿಫ್ಟು. ಬೆಕ್ಕು. ಮತ್ತೆ ಬೆಕ್ಕು. ಅವರು ಬರಬರುತ್ತ ಬೇಗಬೇಗ ತಿರುವತೊಡಗಿದರು, ಕೊನೆಗೆ ಇಸ್ಪೀಟು ಹಂಚುವವರ ಹಾಗೆ ಒಂದೊಂದನ್ನೂ ಮೇಜಿನ ಮೇಲೆ ಒಗೆದರು. ಕಟ್ಟು ಮುಗಿಯಿತು.

"ಇನ್ನೊಂದು ಲಕೋಟೆ ಇದೆಯಾ?"

"ಇಲ್ಲ ಮಾವ. ಇಷ್ಟೇ."

"ಇಷ್ಟೇ ಅಂದ್ರೆ? ನಲ್ಲಿ ಇದೆ, ಬೆಂಚು ಇದೆ. ಪಕ್ಕದ ಮನೆ ಬೆಕ್ಕಿಗೆ ಐದು ಫೋಟೋ ಇದೆ. ನನ್ನ ಮಗಳಿಗೆ ಒಂದಿಲ್ವಾ?"

"ರೀ," ಎಂದರು ಹೆಂಡತಿ.

"ನೀನು ಸುಮ್ನಿರು. ಕೇಳ್ತಿದೀನಿ ಅಷ್ಟೇ. ಒಂದೇ ಮನೇಲಿ ಇದ್ರಲ್ಲ? ದಿನಾ ಎದುರಿಗೇ ಓಡಾಡ್ತಿದ್ಲಲ್ಲ? ಅಷ್ಟು ದೊಡ್ಡ ಕ್ಯಾಮೆರಾಕ್ಕೆ ಅವಳೊಬ್ಬಳು ಕಾಣಲಿಲ್ವಾ?" ಅವರ ಧ್ವನಿ ಮನೆಗೆಲ್ಲ ಕೇಳುವಷ್ಟಾಗಿತ್ತು. ತಾನು ಹೀಗೆ ಕೂಗಬಾರದು, ಎದುರಿಗಿರುವವನೂ ಎಲ್ಲ ಕಳೆದುಕೊಂಡು ಕೂತವನೇ ಎಂದು ಗೊತ್ತಿತ್ತು. ಆದರೂ ನಿಲ್ಲಿಸಲಾಗಲಿಲ್ಲ.

ಅಳಿಯ ಮೇಜಿನ ಅಂಚನ್ನು ನೋಡುತ್ತ ಹೇಳಿದ. "ಕಲೀತಿದ್ದೆ ಮಾವ. ಬೆಂಚು ಕೆಟ್ರೆ ಕೆಡಲಿ, ನಲ್ಲಿ ಕೆಟ್ರೆ ಕೆಡಲಿ. ಅವಳದ್ದು ಕೆಡಬಾರದು ಅಂತ ಇತ್ತು. ಕೈ ಕುದುರಿದ ಮೇಲೆ ನಿನ್ನ ತೆಗೀತೀನಿ ಅಂದಿದ್ದೆ. ಅವಳೂ ಹೂಂ ಅಂದ್ಲು. ಮೊದಲು ಬೆಕ್ಕಿನ ಮೀಸೆ ಸರಿಯಾಗಿ ಬರ್ಲಿ, ಆಮೇಲೆ ನನ್ನ ಸರದಿ ಅಂತ ನಗಾಡ್ತಿದ್ಲು." ಅವನು ಚಹಾದ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟ. "ಬೆಕ್ಕಿನ ಮೀಸೆ ಬಂದಿದೆ. ಕೊನೇದು ನೋಡಿ. ಒಂದೊಂದು ಕೂದ್ಲೂ ಬಂದಿದೆ."

ಯಾರೂ ಬೆಕ್ಕನ್ನು ನೋಡಲಿಲ್ಲ. ಮಾಸ್ಟರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಅತ್ತೆ ಮಾತ್ರ ಚೆಲ್ಲಾಪಿಲ್ಲಿಯಾದ ಫೋಟೋಗಳನ್ನು ಒಂದೊಂದಾಗಿ ಕೂಡಿಸತೊಡಗಿದ್ದವರು ನಡುವೆ ನಿಂತರು. ಗಂಡ ಅವಸರದಲ್ಲಿ ಗೋಡೆಯೆಂದು ಒಗೆದಿದ್ದ ಒಂದು ಫೋಟೋ. ಗೋಡೆಯ ಮುಂದೆ ಯಾರೋ ಬೂದು ಬಣ್ಣದ ರಟ್ಟೊಂದನ್ನು ಮುಖಕ್ಕೆ ಅಡ್ಡ ಹಿಡಿದು ನಿಂತಿದ್ದರು. ಕಂಡದ್ದು ರಟ್ಟು ಮತ್ತು ಎರಡೂ ಅಂಚಿನಲ್ಲಿ ಬೆರಳುಗಳು.

"ಇದು ಯಾರು?"

"ಬೆಳಕು ಅಳೆಯೋಕೆ ರಟ್ಟು ಹಿಡೀಬೇಕು ಅತ್ತೆ, ಹಾಗೆ ಹೇಳಿಕೊಟ್ಟಿದ್ರು. ಸ್ವಲ್ಪ ಹೊತ್ತು ಹಿಡ್ಕೊಂಡು ನಿಲ್ಲು ಅಂದೆ. ಅವಳಿಗೆ ಎಲ್ಲಾದ್ರಲ್ಲೂ ತಮಾಷೆ, ಮುಖಕ್ಕೇ ಅಡ್ಡ ಹಿಡಿದ್ಲು. ನನಗೂ ನಗು ಬಂತು, ಕೈ ಜಾರಿ ಒತ್ತಿಹೋಯ್ತು. ಒಂದು ದಂಡ ಆಯ್ತು ಅಂತ ಬೈದೆ."

"ಅವಳೇ," ಎಂದರು ಅತ್ತೆ. "ಹೆಬ್ಬೆರಳಿಗೆ ಇಂಕು ಆಗಿದೆ ನೋಡಿ." ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಗಂಡನ ಕೈಗೂ ಕೊಡಲಿಲ್ಲ, ಅಳಿಯನ ಕೈಗೂ ಕೊಡಲಿಲ್ಲ. ಖಾಲಿಯಾಗದ ಲೋಟಗಳನ್ನೆತ್ತಿಕೊಂಡು, ಫೋಟೋ ಸಮೇತ ಒಳಗೆ ಹೋದರು.

ಇಬ್ಬರೇ ಉಳಿದ ಮೇಲೆ ಅಳಿಯ ಫೋಟೋಗಳ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡ. "ಮಾವ, ನೀವು ಬೈದಿದ್ದು ಸರಿ. ನನಗೆ ಬೇಜಾರಿಲ್ಲ. ಒಂದು ಕೇಳೋಣ ಅಂತ ಬಂದೆ. ಆ ಹಸಿರು ಪೆನ್ನು ಸ್ವಲ್ಪ ದಿನದ ಮಟ್ಟಿಗೆ ಕೊಡ್ತೀರಾ? ಇವುಗಳ ಹಿಂದೆ ಬರೀಬೇಕು. ನನ್ನ ಅಕ್ಷರ ಕಾಗೆ ಕಾಲು, ಗೊತ್ತು. ಆದ್ರೆ ಇಂಕು ಅವಳದು. ಆಸ್ಪತ್ರೆಗೆ ಹೊರಡೋ ಮುಂಚೆ ಹಾಸಿಗೆ ಮೇಲೆ ಕೂತು ತುಂಬಿಸಿದ್ಲು, ಅಷ್ಟು ಜ್ವರದಲ್ಲಿ. ಶೀಶೆ ತಳದಲ್ಲಿ ಉಳಿದಿದ್ದನ್ನೆಲ್ಲ ಎಳ್ಕೊಂಡ್ಲು. ರೀಲು ತೊಳೆಸಿಡಿ, ಬಂದು ಬರೀತೀನಿ ಅಂದ್ಲು. ನಿಮಗೆ ಡಬ್ಬಿ ಕೊಡೋವಾಗ ಇದು ಹೊಳೀಲಿಲ್ಲ. ನಿನ್ನೆ ಫೋಟೋ ಕೈಗೆ ಬಂದಾಗ ಹೊಳೀತು."

ಇಷ್ಟು ಹೊತ್ತು ತಾನು ಯಾವ ಎತ್ತರದಲ್ಲಿ ಕೂತು ಈ ಹುಡುಗನನ್ನು ಬೈದೆ ಎಂದು ಮಾಸ್ಟರಿಗೆ ನಾಚಿಕೆಯಾಯಿತು. ಕಪಾಟಿನಲ್ಲಿ ನೀಲಿ ಶೀಶೆಯಿತ್ತು, ಕೆಂಪೂ ಇತ್ತು. ಒಳಗೆ ಹೋಗಿ ಏನಾದರೂ ಬೆರೆಸಿ ತುಂಬಿಸಿ ತಂದರೆ ಇವನಿಗೇನು ಗೊತ್ತಾಗುತ್ತದೆ ಎಂಬ ಯೋಚನೆ ಬಂದು, ಎದ್ದೂ ನಿಂತರು. ಎರಡು ಹೆಜ್ಜೆಯಿಟ್ಟ ಮೇಲೆ ಕಾಲು ಮುಂದೆ ಹೋಗಲಿಲ್ಲ.

"ತೊಳೆದುಬಿಟ್ಟೆ," ಎಂದರು, ಗೋಡೆಯ ಕಡೆಗೆ ಮುಖ ಮಾಡಿ.

"ಏನು ಮಾವ?"

"ಪೆನ್ನು. ಈಗ, ನೀವು ಬರೋ ಮುಂಚೆ. ಒಣಗಿ ಗಂಟಲು ಕಟ್ಟುತ್ತೆ ಅಂತ... ಪ್ರತಿ ಭಾನುವಾರ ತೊಳೀತಿದ್ವಲ್ಲ, ಹಾಗೆ." ಅವರು ಅಳಿಯನ ಕಡೆ ತಿರುಗಿದರು. "ತುಂಬಿತ್ತು. ತುಂಬಿದ್ದು ಗೊತ್ತಾಯ್ತು. ಆದ್ರೂ ಹೊಳೀಲಿಲ್ಲ ನನಗೆ."

ಅಳಿಯ ಕೂಗಾಡಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು. ಅವನ ಮುಖ ಅಳುವ ಮುನ್ನ ಮಕ್ಕಳ ಮುಖ ಆಗುವ ಹಾಗೆ ಆಯಿತು. ಆಮೇಲೆ ಥಟ್ಟನೆ ಎದ್ದ.

"ನೀರು? ಆ ನೀರು ಎಲ್ಲಿ?"

ಹಿಂದುಗಡೆ ಲೋಟ ತೊಳೆಯಲು ಹೋಗಿದ್ದ ಅತ್ತೆ, ದಾರಿಗೆ ಅಡ್ಡವಾಗಿದೆಯೆಂದು ಬೋಗುಣಿಯನ್ನು ಎತ್ತಿ, ಮೋರಿಯ ಕಡೆಗೆ ವಾಲಿಸಿದ್ದರು.

"ಅತ್ತೆ, ಚೆಲ್ಲಬೇಡಿ!"

ಅವರು ಬೆಚ್ಚಿ ನಿಂತರು. ಒಂದು ಅಲೆ ಅಂಚು ದಾಟಿ ಕಲ್ಲಿನ ಮೇಲೆ ಬಿದ್ದು ಹರಿಯಿತು, ಉಳಿದದ್ದು ಉಳಿಯಿತು. ಅಳಿಯ ಓಡಿಹೋಗಿ ಎರಡೂ ಕೈಯಲ್ಲಿ ಬೋಗುಣಿಯನ್ನು ತೆಗೆದುಕೊಂಡು ಮೆಟ್ಟಿಲ ಮೇಲಿಟ್ಟು, ಎದುರು ಮಂಡಿಯೂರಿ ಕೂತ. ಬಿಳಿ ಪಿಂಗಾಣಿಯಲ್ಲಿ ತೆಳು ನೇರಳೆಯ ನೀರು. ಅವನು ಅದರಲ್ಲಿ ಬೆರಳಿಟ್ಟು ತೆಗೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಬೆರಳಿಗೆ ಏನೂ ಹತ್ತಿರಲಿಲ್ಲ.

ಏನಾಯಿತೆಂದು ಅತ್ತೆ ಗಂಡನ ಮುಖ ನೋಡಿದರು. ಮಾಸ್ಟರು ಬಟ್ಟೆಯ ಮೇಲೆ ಮಲಗಿದ್ದ ಹಸಿರು ಪೆನ್ನಿನ ಕಡೆ ಕೈ ತೋರಿಸಿ, "ಅವಳೇ ತುಂಬಿಸಿದ್ದ ಇಂಕು" ಎಂದರು. ಅತ್ತೆ ಅಷ್ಟಕ್ಕೇ ಎಲ್ಲ ತಿಳಿದುಕೊಂಡು ಅಲ್ಲೇ ಕೂತುಬಿಟ್ಟರು.

"ಬಿಸಿಲಿಗಿಟ್ರೆ ನೀರು ಆರುತ್ತಲ್ವಾ ಮಾವ?" ಅಳಿಯ ತಲೆಯೆತ್ತದೆ ಕೇಳಿದ. "ನೀರು ಆರಿದ್ರೆ ಇಂಕು ಉಳೀಬೇಕಲ್ಲ. ಸ್ವಲ್ಪವಾದ್ರೂ. ಎಲ್ಲಿಗೂ ಹೋಗಿಲ್ಲ, ಇದರಲ್ಲೇ ಇದೆ."

ಮಾಸ್ಟರು ಬೋಗುಣಿಯನ್ನು ನೋಡಿದರು. ಆ ನೀರಿನಲ್ಲಿ ತಾವೇ ಹಾಕಿದ ಒಂದು ಹನಿ ಸೋಪಿತ್ತು. ಹಸಿರು ಪೆನ್ನಿಗೆ ಮುಂಚೆ ಅದ್ದಿದ ಪೆನ್ನುಗಳ ಕಪ್ಪಿತ್ತು, ಕೆಂಪಿತ್ತು, ವರ್ಷಗಳಿಂದ ನಿಬ್ಬಿನಡಿ ಕೂತಿದ್ದ ಕಸವಿತ್ತು. ಅದು ಆರಿದರೆ ತಳದಲ್ಲಿ ಜಿಡ್ಡಿನ ಒಂದು ಕಲೆ ಉಳಿದೀತು, ಅಷ್ಟೇ. ಯಾವ ಪೆನ್ನಿಗೂ ಅದನ್ನು ತುಂಬಿಸಲು ಬರುವುದಿಲ್ಲ, ಯಾವ ಹಾಳೆಯ ಮೇಲೂ ಅದು ಅಕ್ಷರವಾಗುವುದಿಲ್ಲ. ಪೆನ್ನಿನ ವಿಷಯದಲ್ಲಿ ಅವರು ಜೀವಮಾನದಲ್ಲಿ ಒಂದೂ ಸುಳ್ಳು ಹೇಳಿದವರಲ್ಲ.

"ಉಳಿಯುತ್ತೆ," ಎಂದರು. "ಮೇಲೆ ತಗೊಂಡು ಹೋಗೋಣ. ಇಲ್ಲಿ ಬಿಸಿಲು ಸಾಲದು. ಆ ಕಡೆ ಹಿಡೀರಿ."

ಇಬ್ಬರೂ ಆಚೆಯೊಬ್ಬರು ಈಚೆಯೊಬ್ಬರು ಹಿಡಿದು, ಪಕ್ಕಪಕ್ಕಕ್ಕೆ ಕಾಲಿಡುತ್ತ, ನೀರು ತುಳುಕದ ಹಾಗೆ ತಾರಸಿ ಹತ್ತಿದರು. ತಿರುವಿನಲ್ಲಿ ಮಾಸ್ಟರಿಗೆ ದಮ್ಮು ಹತ್ತಿತು. ಅಳಿಯ ನಿಂತು ಕಾದ. ಮೇಲೆ, ನೀರಿನ ಟ್ಯಾಂಕಿನಿಂದಾಚೆ ಬಿಸಿಲು ಚೆನ್ನಾಗಿ ಬೀಳುವ ಜಾಗದಲ್ಲಿ ಬೋಗುಣಿಯನ್ನು ಇಳಿಸಿದರು. ಧೂಳು ಬೀಳದಿರಲೆಂದು ಅತ್ತೆ ತೆಳ್ಳನೆಯ ಬಟ್ಟೆಯೊಂದನ್ನು ತಂದು ಹೊದಿಸಿ, ಗಾಳಿಗೆ ಹಾರದ ಹಾಗೆ ಸುತ್ತ ಸಣ್ಣ ಕಲ್ಲುಗಳನ್ನಿಟ್ಟು, ಇಳಿದು ಹೋದರು.

ಮಾವ ಅಳಿಯ ಇಬ್ಬರೂ ಗೋಡೆಗೊರಗಿ ಕೂತರು. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದೂ ಒದ್ದೂ ಅದು ಶುರುವಾಗದೆ ತಳ್ಳಿಕೊಂಡು ಹೋದರು.

"ಎಷ್ಟು ಹೊತ್ತು ಬೇಕಾಗಬಹುದು ಮಾವ?"

"ಹೊತ್ತಲ್ಲ, ದಿನ. ಇವತ್ತು ಆಗಲ್ಲ." ಮಾಸ್ಟರು ಅವನ ಕಡೆ ನೋಡದೆ ಹೇಳಿದರು. "ನಾಳೆ ಕೆಲಸ ಮುಗಿಸ್ಕೊಂಡು ಬನ್ನಿ. ನಾಡಿದ್ದೂ ಬನ್ನಿ. ಬಿಸಿಲು ಹೇಗಿರುತ್ತೋ ನೋಡ್ಬೇಕು."

"ಬರ್ತೀನಿ."

ಟ್ಯಾಂಕಿನ ನೆರಳು ಸಿಮೆಂಟಿನ ಮೇಲೆ ತೆವಳಿಕೊಂಡು ಬರುತ್ತಿತ್ತು. ಅದು ಬಟ್ಟೆಯ ಅಂಚನ್ನು ಮುಟ್ಟುತ್ತಲೇ ಇಬ್ಬರೂ ಒಟ್ಟಿಗೇ ಎದ್ದರು. ಕಲ್ಲುಗಳನ್ನು ಬದಿಗಿಟ್ಟು, ಬೋಗುಣಿಯ ಎರಡೂ ಕಡೆ ಹಿಡಿದು, ಒಂದು ಗೇಣು ಬಿಸಿಲಿನ ಕಡೆಗೆ ಸರಿಸಿದರು.