ಬಿದ್ದವರನ್ನು ಹಿಡಿದ ಹಗ್ಗ

ತರುಣರ ಕೇಂದ್ರದ ಉಗ್ರಾಣ ನೋಡಿಕೊಳ್ಳುವ ಹೆಂಗಸನ್ನು ಮಕ್ಕಳೆಲ್ಲ ಗಂಟತ್ತೆ ಅಂತಲೇ ಕರೆಯುತ್ತಿದ್ದರು. ಮಕ್ಕಳು ಬಂಡೆ ಹತ್ತಲು ಒಯ್ಯುವ ಒಂದೊಂದು ಹಗ್ಗವೂ ಮೊದಲು ಅವಳ ಬೆರಳುಗಳ ನಡುವೆ ಹಾದು ಬರಬೇಕು. ಕಣ್ಣು ಮುಚ್ಚಿ, ಮೊಳ ಮೊಳ ಒತ್ತಿ ನೋಡುವಳು. ಯಾರಾದರೂ ಅವಸರ ಮಾಡಿದರೋ, ಮುಗಿಯಿತು, ಮತ್ತೆ ಮೊದಲಿನಿಂದ ಶುರು. ಅವಳ ತಮ್ಮ ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವನು. 'ಇನ್ನೊಂದು ವಾರ ಬರುತ್ತೆ' ಅಂತ ಮೇಸ್ತ್ರಿ ಕೊಟ್ಟ ಹಗ್ಗ ಮೂರನೇ ದಿನಕ್ಕೇ ಕೈಕೊಟ್ಟು, ಬಿದ್ದವನು ಹನ್ನೊಂದು ವರ್ಷದಿಂದ ಹಾಸಿಗೆ ಹಿಡಿದಿದ್ದಾನೆ. ಅದನ್ನು ಊರೆಲ್ಲ ಹೇಳಿಕೊಂಡು ತಿರುಗುವ ಜಾಯಮಾನ ಅವಳದಲ್ಲ. ಹಗ್ಗ ಒತ್ತುತ್ತಾಳೆ, ಅಷ್ಟೇ.

ಕೇಂದ್ರದ ಅಂಗಳದಲ್ಲಿ ಮಕ್ಕಳಿಗೆ ಹೊಸದಾಗಿ ಹತ್ತುವ ಗೋಡೆ ಕಟ್ಟಿಸಿಕೊಟ್ಟವನು ಒಬ್ಬ ಸಾಹಸಿ. ಹಿಮದ ಬೆಟ್ಟಗಳನ್ನು ಹತ್ತಿದವನು, ದೋಣಿಯಲ್ಲಿ ಒಬ್ಬನೇ ಸಮುದ್ರ ದಾಟಿದವನು. ಹೆಸರು ಬಂದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರುವವರು ಬೇಕಾದಷ್ಟಿದ್ದಾರೆ, ಇವನು ಹಾಗಲ್ಲ. ಓದು ಬಿಟ್ಟ, ಕೆಲಸ ಸಿಗದ ಹುಡುಗ ಹುಡುಗಿಯರನ್ನು ಕೈಹಿಡಿದು ನಡೆಸುವ ಇಂಥ ನಾಲ್ಕು ಸಂಸ್ಥೆಗಳಿಗೆ ಬೆನ್ನೆಲುಬಾಗಿ ನಿಂತಿದ್ದ. ವರ್ಷಕ್ಕೆರಡು ಸಲ ಬಂದು ಮಕ್ಕಳ ಜೊತೆ ನೆಲದ ಮೇಲೆ ಕೂತು ಹರಟುತ್ತಿದ್ದ. ಒಳ್ಳೆಯವನನ್ನು ಒಳ್ಳೆಯವನು ಅನ್ನಲೇಬೇಕು.

ಗೋಡೆಯ ಉದ್ಘಾಟನೆಯ ಬೆಳಿಗ್ಗೆ ಅವನು ಒಂದು ನೀಲಿ ಹಗ್ಗ ತಂದ. ಒಂಬತ್ತು ವರ್ಷದ ಹಿಂದೆ ಕಾಲು ಜಾರಿ, ಪ್ರಪಾತದ ಮೇಲೆ ಅರ್ಧ ದಿನ ನೇತಾಡಿದ್ದು ಅದೇ ಹಗ್ಗಕ್ಕಂತೆ. ಅದನ್ನು ಕೇಂದ್ರಕ್ಕೇ ಕೊಡುತ್ತಾನಂತೆ. ಎಲ್ಲರಿಗಿಂತ ಮೊದಲು ಕಡ್ಡಿ ಅದನ್ನು ಕಟ್ಟಿಕೊಂಡು ಗೋಡೆ ಹತ್ತಬೇಕಂತೆ. ಕಡ್ಡಿ ಅಂದರೆ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವ ಹದಿನಾರರ ಹುಡುಗಿ. ಕೇಂದ್ರಕ್ಕೆ ಬಂದ ಹೊಸತರಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಈಗ ಆ ಬಾಯಿ ಮುಚ್ಚಿಸುವುದೇ ಕಷ್ಟವಾಗಿತ್ತು.

ಗಂಟತ್ತೆ ನೀಲಿ ಹಗ್ಗವನ್ನು ಉಗ್ರಾಣಕ್ಕೆ ಒಯ್ದು ಒತ್ತುತ್ತಾ ಬಂದಳು. ಅರ್ಧಕ್ಕೆ ಬರುವಷ್ಟರಲ್ಲಿ ಒಂದು ಕಡೆ ಹಳೆಯ ದಿಂಬು ಒತ್ತಿದ ಹಾಗೆ ಮೆತ್ತಗಾಯಿತು. ಮತ್ತೆರಡು ಸಲ ಒತ್ತಿ ನೋಡಿ, ಕಾರ್ಯದರ್ಶಿಯ ಕೋಣೆಗೆ ಹೋದಳು.

"ಈ ಹಗ್ಗ ಆಗಲ್ಲ ಸಾರ್."

ಕಾರ್ಯದರ್ಶಿಯ ಮುಖ ಹುಳ್ಳಗಾಯಿತು. "ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರೇನಮ್ಮಾ? ಒಂದೇ ಸಲ, ಐದು ನಿಮಿಷ. ಫೋಟೋ ಆದ್ಮೇಲೆ ಗಾಜಿನ ಪೆಟ್ಟಿಗೇಲಿ ಇಟ್ಬಿಡೋಣ."

"ಹಸುವಾಗಿದ್ರೆ ನಾನೂ ಎಣಿಸ್ತಿರಲಿಲ್ಲ. ಇದಕ್ಕೆ ಹುಡುಗಿ ನೇತಾಡ್ತಾಳೆ."

"ಬೆಟ್ಟ ಹತ್ತಿದೋರಿಗಿಂತ ನಿಮಗೆ ಹೆಚ್ಚು ಗೊತ್ತಾ? ಅವರ ಮನಸ್ಸು ಮುರಿದ್ರೆ ನಾಳೆಯಿಂದ ಉಗ್ರಾಣದ ಬೀಗದಕೈ ನಿಮ್ಮ ಹತ್ರ ಇರಲ್ಲ, ನೋಡ್ಕೊಳ್ಳಿ."

ತಮ್ಮನ ಔಷಧಿ ಬರುತ್ತಿದ್ದುದೇ ಆ ಬೀಗದಕೈಯಿಂದ. ಗಂಟತ್ತೆ ಹೆದರಿದಳು, ಹೆದರಲಿಲ್ಲ ಅಂದರೆ ಸುಳ್ಳಾದೀತು. ಹೆದರಿಕೊಂಡೇ ಹಗ್ಗವನ್ನೂ ದೊಡ್ಡ ಕತ್ತರಿಯನ್ನೂ ಹಿಡಿದು ಗೋಡೆಯ ಹತ್ತಿರ ಹೋದಳು. ಕಡ್ಡಿ ಆಗಲೇ ಸೊಂಟಪಟ್ಟಿ ಬಿಗಿದುಕೊಂಡು ನಿಂತಿದ್ದಳು.

"ಸಾರ್, ಅಷ್ಟು ಎತ್ತರದಿಂದ ಬಿದ್ದೋರನ್ನ ಒಂದು ಸಲ ಹಿಡಿದ ಹಗ್ಗಾನ ಏನು ಮಾಡ್ಬೇಕು?" ಎಂದು ಸಾಹಸಿಯನ್ನು ಕೇಳಿದಳು.

ಅದು ಕೇಂದ್ರದ ಮೊದಲ ದಿನದ ಪಾಠ. ಅವನು ಬಾಯಿ ತೆರೆಯುವ ಮೊದಲೇ ಕಡ್ಡಿ, "ಕತ್ತರಿಸ್ಬೇಕು, ಮತ್ತೆ ಯಾರೂ ಕಟ್ಕೊಳ್ಳದ ಹಾಗೆ," ಅಂದಳು.

ಸಾಹಸಿ ನಕ್ಕ. "ನನಗೂ ಗೊತ್ತಮ್ಮಾ. ಆದ್ರೆ ನನ್ನ ಪ್ರಾಣ ಉಳಿಸಿದ್ದು ಇದು. ಕತ್ತರಿಸೋಕೆ ಮನಸ್ಸು ಬರಲಿಲ್ಲ."

"ನಿಮಗೆ ಬರದಿದ್ರೆ ಬೇಡ. ಕತ್ತರಿ ನನ್ನ ಹತ್ರ ಇದೆ."

ಅವನು ಒಂದು ಹೆಜ್ಜೆ ಹಿಂದೆ ಸರಿದ. ಮೆತ್ತಗಿದ್ದ ಕಡೆ ಅವಳು ಮೇಲಿನ ನೀಲಿ ಹೊದಿಕೆಯನ್ನು ಗೇಣುದ್ದ ಸೀಳಿದಳು. ಒಳಗಿನ ಬಿಳಿ ಎಳೆಗಳು ತುಂಡಾಗಿ, ಹಿಂಜಿದ ಹತ್ತಿಯ ಹಾಗೆ ಹೊರಗೆ ಬಂದವು. ಸಾಹಸಿ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಬಿಡಿಸಿ ನೋಡಿದ. ಗಟ್ಟಿಯಾಗಿ ಉಳಿದಿದ್ದ ಎಳೆಗಳು ಎರಡೇ.

ಆ ಎಳೆಗಳನ್ನು ಹಿಡಿದುಕೊಂಡೇ ಅವನು, "ನಾನು ಬಿದ್ದ ಮಾರನೇ ವರ್ಷ ಇದೇ ಹಗ್ಗ ಕಟ್ಟಿ ನನ್ನ ಮಗಳನ್ನ ಬಂಡೆ ಹತ್ತಿಸಿದ್ದೆ," ಅಂದ. "ಆಗ ಎಂಟು ವರ್ಷ ಅವಳಿಗೆ. ನನ್ನನ್ನ ಕಾಪಾಡಿದ್ದು ಅವಳನ್ನೂ ಕಾಪಾಡುತ್ತೆ ಅಂದ್ಕೊಂಡೆ."

"ಈಗ ಹೇಗಿದಾಳೆ?"

"ಚೆನ್ನಾಗಿದಾಳೆ. ಏನೂ ಆಗಲಿಲ್ಲ."

"ಅವತ್ತು ಏನೂ ಆಗಲಿಲ್ಲ ಅಂತಾನೇ ಇವತ್ತು ಈ ಮಗುವಿಗೆ ತಂದ್ರಿ," ಅಂದಳು ಗಂಟತ್ತೆ.

ಅವಳು ಉಗ್ರಾಣದಿಂದ ದಿನಾ ಬಳಸುವ ಕಂದು ಹಗ್ಗ ತಂದುಕೊಟ್ಟಳು. ಕಡ್ಡಿಯ ಸೊಂಟಪಟ್ಟಿಗೆ ಅವನೇ ಗಂಟು ಹಾಕಿದ. ಫೋಟೋದವನು ಸಿದ್ಧನಾದ. ಗಂಟತ್ತೆ ಬಗ್ಗಿ ಗಂಟನ್ನು ಎರಡು ಸಲ ಜಗ್ಗಿ ನೋಡಿದಳು.

"ಸಡಿಲ ಇದೆ. ಬಿಚ್ಚಿ ಮತ್ತೆ ಹಾಕಿ."

ಕಾರ್ಯದರ್ಶಿ ಹಣೆ ಚಚ್ಚಿಕೊಂಡ. ಸಾಹಸಿ ಬಿಚ್ಚಿದ, ಮತ್ತೆ ಹಾಕಿದ, ನೋಡಿ ಅಂತ ಅವಳ ಕಡೆಗೇ ಹಿಡಿದ.